ಪಡುವಣಕ್ಕೆ ಬೆನ್ನು ಕೊಟ್ಟು

ಸೂರ್ಯಾಸ್ತದ ಛಾಯಾಚಿತ್ರವೆಂದೊಡನೆ ಕ್ಯಾಮೆರಾವನ್ನು ಸೂರ್ಯನ ಕಡೆಗೇ ತಿರುಗಿಸುವುದು ಸ್ವಾಭಾವಿಕವಾದರೂ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಹೊತ್ತಿಳಿಯುವ ವೇಳೆಗೆ ನೋಡತಕ್ಕ ಸಂಗತಿಗಳು ಬಹುಪಾಲು ಅವನ ಎದುರು ದಿಕ್ಕಿನಲ್ಲಿರುತ್ತವೆಂಬುದು ನನ್ನ ಮತ. ಸೂರ್ಯಬಿಂಬವು ಆಕಾಶದಲ್ಲಿ ಆಕ್ರಮಿಸುವುದು ಅರ್ಧ ಡಿಗ್ರಿಯಷ್ಟು ಮಾತ್ರ. 200 ಮಿಲಿಮೀಟರ್ ನಾಭಿದೂರದ ಮಸೂರದಲ್ಲಿಯೂ ಅದರ ಪ್ರತಿಬಿಂಬ 2 ಮಿಲಿಮೀಟರಿಗಿಂತ ಕಿರಿದು. ಮೊಬೈಲಿನ ವಿಶಾಲಕೋನದಲ್ಲಂತೂ ಅದು ಕುಂಕುಮದ ಬೊಟ್ಟಿನಷ್ಟೂ ಕಾಣದೆ, ಬಿಳಿಚಿಕೊಂಡ ಒಂದು ಚುಕ್ಕೆಯಾಗಿ ಉಳಿಯುತ್ತದೆ.

ಅದೇ ಕಿರಣಗಳು ನೆತ್ತಿಯ ಮೇಲಿನ ಬಿಸಿಲಿಗಿಂತ ಮೂವತ್ತಕ್ಕೂ ಹೆಚ್ಚು ಪಟ್ಟು ವಾಯುಮಂಡಲವನ್ನು ಹಾಯ್ದು, ದಾರಿಯಲ್ಲಿ ನೀಲವರ್ಣವನ್ನು ಚೆದರಿಸಿ, ನೆಲವನ್ನು ಸವರುವಂತೆ ಬಂದು ಬಿದ್ದಾಗ, ಘಟಪ್ರಭೆಯ ಕಾಲುವೆಗಳು ಉಣಿಸಿ ಬೆಳೆಸಿದ ಕಬ್ಬಿನ ಪಡಗಳ ಸೊಬಗೇ ಬೇರೆ. ಚಳಿಗಾಲದಲ್ಲಿ ಕಬ್ಬು ಸೂಲಂಗಿ ಬಿಟ್ಟಿರುತ್ತದೆ. ಹಗಲಿನಲ್ಲಿ ಬೂದುಬಣ್ಣದ ಜುಂಜಿನಂತೆ ಉಪೇಕ್ಷಿತವಾಗಿದ್ದ ಆ ತೆನೆಯ ಒಂದೊಂದು ಎಳೆಯೂ ಓರೆಬೆಳಕಿನಲ್ಲಿ ಬಿಡಿಬಿಡಿಯಾಗಿ ಹೊಳೆಯುತ್ತದೆ. ಎರೆನೆಲದ ನೇಗಿಲಸಾಲುಗಳಿಗೆ ಆಗಲೇ ಆಳ ಬರುತ್ತದೆ. ಸುಮಾರು 52 ಮೀಟರ್ ಎತ್ತರದ ಗೋಕಾಕ ಜಲಪಾತದ ಸುತ್ತಣ ಮರಳುಗಲ್ಲಿನ ಬಂಡೆಗಳಲ್ಲಿ ಪಡುವಣಕ್ಕೆ ಮುಖಮಾಡಿದವು ತಾಮ್ರವರ್ಣ ತಾಳುತ್ತವೆ. ಪ್ರವಾಸಿಗರಲ್ಲಿ ಹೆಚ್ಚಿನವರು ಆ ಹೊತ್ತಿಗೆ ತೂಗುಸೇತುವೆಯ ಮೇಲೆ ತಮ್ಮದೇ ಮುಖಗಳನ್ನು ಸೆರೆಹಿಡಿಯುವುದರಲ್ಲಿ ಮಗ್ನರು.

ಸೂರ್ಯನು ಮುಳುಗಿದ ಮೇಲೆ ಕ್ಯಾಮೆರಾ ಕಟ್ಟಿಡುವವರು ಕಳೆದುಕೊಳ್ಳುವುದು ಸ್ವಲ್ಪವಲ್ಲ. ಮೂಡಲಗಿಯ ಬಯಲಿನಂತೆ ಕ್ಷಿತಿಜವು ತೆರೆದಿರುವೆಡೆ ಮೂಡಲಿಗೆ ತಿರುಗಿ ನಿಂತರೆ, ನೆಲಕ್ಕೆ ತಾಗಿಕೊಂಡು ಒಂದು ಬೂದುನೀಲಿಯ ಪಟ್ಟಿಯೂ ಅದರ ಮೇಲೆ ಗುಲಾಬಿಯ ಅಂಚೂ ಮೆಲ್ಲನೆ ಏರುವುದು ಕಾಣುತ್ತದೆ. ಆ ಪಟ್ಟಿ ಮೋಡವಲ್ಲ, ವಾಯುಮಂಡಲದ ಮೇಲೆ ಬಿದ್ದ ಭೂಮಿಯದೇ ನೆರಳು. ಹತ್ತು ಹದಿನೈದು ನಿಮಿಷಗಳಲ್ಲಿ ಅದು ಆಕಾಶದಲ್ಲಿ ಕರಗಿಹೋಗುವ ಕಾರಣ ಮುಕ್ಕಾಲಿಯನ್ನು ಮೊದಲೇ ಹೂಡಿರಬೇಕು. ಇದಕ್ಕೆ ಮಳೆ ತೊಳೆದ ಅಕ್ಟೋಬರದ ಗಾಳಿಯೇ ಉತ್ತಮ. ಕಬ್ಬು ಕಡಿದು ಒಣಗರಿಯ ರವದಿಗೆ ಬೆಂಕಿಯಿಟ್ಟ ಮೇಲೆ ಹೊಗೆಯೂ ಧೂಳೂ ಬೆರೆತು ಬಣ್ಣಗಳೆಲ್ಲ ಮಂಕಾಗುತ್ತವೆ.

ಚಿತ್ರದಲ್ಲಿ ಕಾಣುವ ಗ್ರಾಮೀಣ ಪ್ರಶಾಂತಿಯನ್ನು ಪೂರ್ತಿ ನಂಬಬೇಕಾದುದಿಲ್ಲ. ಕಾರ್ಖಾನೆಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆಯುತ್ತ, ಗಟ್ಟಿಯಾಗಿ ಹಾಡು ಹಾಕಿಕೊಂಡು ಅದೇ ಸಂಜೆ ಅದೇ ರಸ್ತೆಯಲ್ಲಿ ಸಾಗುತ್ತಿರುತ್ತವೆ. ಸದ್ದನ್ನು ಹಿಡಿಯದಿರುವುದು ಛಾಯಾಚಿತ್ರದ ದೊಡ್ಡ ಉಪಕಾರ.

ಯಂತ್ರದ ಮಾತು ಇಷ್ಟೆ: ಕ್ಯಾಮೆರಾದ ಬೆಳಕಿನ ಮಾಪಕವು ಎಲ್ಲವನ್ನೂ ನಡುಬಣ್ಣಕ್ಕೆ ತರಲು ಹವಣಿಸುವುದರಿಂದ ಕಪ್ಪುನೆಲವು ತುಂಬಿದ ಚಿತ್ರ ಅನಾವಶ್ಯಕವಾಗಿ ಬೆಳ್ಳಗಾಗುತ್ತದೆ, ಬೆಳಕನ್ನು ಒಂದು ಸ್ಟಾಪ್ ತಗ್ಗಿಸಿದರೆ ಸರಿಹೋಗುತ್ತದೆ. ವರ್ಣಸಮತೋಲವನ್ನು ಯಂತ್ರದ ಮರ್ಜಿಗೆ ಬಿಡದೆ ಹಗಲುಬೆಳಕಿಗೆ ನಿಲ್ಲಿಸಿರಿ, ಇಲ್ಲವಾದರೆ ಆ ಕೆಂಪನ್ನೇ ದೋಷವೆಂದು ಬಗೆದು ಅದು ತಿದ್ದಿಬಿಡುವುದುಂಟು.

ಸೂರ್ಯನಿಗೆ ಎದುರಾಗಿಯೇ ನಿಲ್ಲಬೇಕಾದ ಸ್ಥಳಗಳೂ ಇಲ್ಲದಿಲ್ಲ. ಘಟಪ್ರಭೆಯು ಒಟ್ಟಿನಲ್ಲಿ ಪೂರ್ವಾಭಿಮುಖಿಯಾದುದರಿಂದ ಪ್ರವಾಹದ ಮೇಲ್ಗಡೆಗೆ ನೋಡಿದವನಿಗೆ ಪಶ್ಚಿಮವೂ ನೀರೂ ಒಂದೇ ನೋಟದಲ್ಲಿ ದೊರೆಯುತ್ತವೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿಯೂ ಜಲಾಶಯವು ಅಣೆಕಟ್ಟಿನ ಪಡುವಣಕ್ಕೇ ಹರಡಿದೆ. ಹುಕ್ಕೇರಿ ಪಟ್ಟಣದ ಆದಿಲಶಾಹಿ ಗುಮ್ಮಟಗಳ ಪಕ್ಕದಲ್ಲಿ ಸೂರ್ಯನನ್ನು ಕೂಡಿಸಬೇಕೆನ್ನುವವರು ಮಾತ್ರ ಪಂಚಾಂಗ ನೋಡಬೇಕು. ಈ ಅಕ್ಷಾಂಶದಲ್ಲಿ ಅವನು ಮುಳುಗುವ ಬಿಂದು ಡಿಸೆಂಬರದಿಂದ ಜೂನಿನವರೆಗೆ ಸುಮಾರು 49 ಡಿಗ್ರಿ ಸರಿಯುತ್ತದೆ. ಮಾರ್ಚ್ ಮತ್ತು ಸಪ್ಟಂಬರಗಳಲ್ಲಿ ದಿನಕ್ಕೆ ತನ್ನ ಮೈಯಗಲಕ್ಕಿಂತ ತುಸು ಕಡಮೆ ದೂರ ಸಾಗುವ ಅವನು, ಅಯನದ ಕೊನೆಗಳಲ್ಲಿ ವಾರಗಟ್ಟಲೆ ಹೆಚ್ಚು ಕದಲುವುದಿಲ್ಲ. ಡಿಸೆಂಬರದ ತೆಂಕಣ ಕೊನೆಗೆ ನಿರಭ್ರವಾದ ಸಂಜೆಗಳು ಬೇಕಾದಷ್ಟು ಸಿಗುತ್ತವೆ. ಬಡಗಣ ಕೊನೆಗೆ ಮುಟ್ಟುವ ಜೂನಿನಲ್ಲಿ ಮುಂಗಾರಿನ ಮೋಡ ಕವಿದಿರುವುದರಿಂದ, ಆ ಚಿತ್ರ ಬೇಕಾದವನು ಮೋಡ ಹರಿದ ಸಂಜೆಗಾಗಿ ಕಾಯದೆ ಗತ್ಯಂತರವಿಲ್ಲ.