ಶಾಲ್ಮಲೆಯ ನೀರು ಹೋಗುವುದು ಕರಾವಳಿಗೇ

ವ್ಯಾಪಾರ, ಓದು, ನೌಕರಿ ಅಂತ ಘಟ್ಟ ಹತ್ತಿ ಹುಬ್ಬಳ್ಳಿ-ಧಾರವಾಡಕ್ಕೆ ಬಂದ ನಾವು ಬ್ಯಾರಿಗಳು ಮೊದಲು ಹೇಳುವ ದೂರು ಒಂದೇ: ಇಲ್ಲಿ ಹೊಳೆ ಇಲ್ಲ ಮಾರ್ರೆ! ನೇತ್ರಾವತಿ, ಫಲ್ಗುಣಿಯ ದಡದಲ್ಲಿ ಬೆಳೆದವರಿಗೆ ನಲ್ಲಿ ನೀರಿಗೆ ಕಾಯುವುದು ಕಷ್ಟವೇ.

ಆದರೆ ಹೊಳೆ ಉಂಟು. ಧಾರವಾಡದ ದಕ್ಷಿಣಕ್ಕೆ, ಸೋಮೇಶ್ವರ ದೇವಸ್ಥಾನದ ಹತ್ತಿರ ಶಾಲ್ಮಲೆ ಹುಟ್ಟುತ್ತಾಳೆ. ಬೇಸಿಗೆಯಲ್ಲಿ ಹೋದರೆ ‘ನದಿ ಎಲ್ಲೈತ್ರೀ?’ ಅಂತ ಕೇಳಬೇಕಾಗುತ್ತದೆ, ಅಷ್ಟು ಸಣ್ಣದು. ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಹಳ್ಳದ ಜೊತೆ ಕಲಘಟಗಿ ಸೀಮೆಯಲ್ಲಿ ಸೇರುತ್ತದೆ. ಈ ಬೇಡ್ತಿಗೆ 1950ರ ದಶಕದಲ್ಲಿ ಕಟ್ಟಿದ ನೀರಸಾಗರದಿಂದಲೇ ಹುಬ್ಬಳ್ಳಿ ಬಹುಕಾಲ ನೀರು ಕುಡಿಯಿತು. ಬರ ಬಂದಾಗ ಆ ಕೆರೆಯ ತಳ ಕಂಡದ್ದೂ ಉಂಟು.

ಅವಳಿ ನಗರದ ಪೂರ್ವದ ನೀರೆಲ್ಲ ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಶಾಲ್ಮಲೆ ಮಾತ್ರ ನಮ್ಮ ಕಡೆ ತಿರುಗಿದವಳು. ಕಾಡೊಳಗೆ ನುಗ್ಗಿ, ಯಲ್ಲಾಪುರದ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅಂಕೋಲಾ-ಗೋಕರ್ಣದ ನಡುವೆ ಅರಬಿ ಸಮುದ್ರ ಸೇರುತ್ತಾಳೆ. ನಮಗೆ ಮೀನು ಬರುವುದೂ, ನಾವು ಊರಿಗೆ ಇಳಿಯುವುದೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ, ಅರಬೈಲು ಘಟ್ಟದ ಮೇಲೆ.

ಗಂಗಾವಳಿ ಎಂದರೆ 2024ರ ಜುಲೈ 16 ನೆನಪಾಗದ ಮನೆ ನಮ್ಮಲ್ಲಿ ಇರಲಿಕ್ಕಿಲ್ಲ. ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಜೊತೆ ನದಿಯನ್ನೂ ಮುಚ್ಚಿತು. ಕೇರಳದ ಚಾಲಕನ ಲಾರಿ ಆ ನೀರಿನಡಿ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಲಾರಿ ಓಡಿಸುವವರಿರುವ ಮನೆಗಳಲ್ಲಿ ಉಮ್ಮಂದಿರು ಅಷ್ಟೂ ದಿನ ದುಆ ಮಾಡಿದರು. ಆ ನದಿಯ ಒಂದು ಬೇರು ಧಾರವಾಡದಲ್ಲಿದೆ ಎಂಬುದು ಎಷ್ಟು ಜನರಿಗೆ ಗೊತ್ತಿತ್ತೋ!

ಈಗ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಯ ಮಾತು ನಡೆದಿದೆ. ಉತ್ತರ ಕನ್ನಡದವರು ವಿರೋಧಿಸುತ್ತಿದ್ದಾರೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೂ ಕೆಳಗಿನ ಹೊಳೆಯಲ್ಲಿ ನೀರು ಕಡಿಮೆಯಾದರೆ ಉಪ್ಪುನೀರು ಮೇಲೇರುತ್ತದೆ, ಅಳಿವೆಯ ಮೀನು-ಚಿಪ್ಪಿಗೆ ಪೆಟ್ಟು ಬೀಳುತ್ತದೆ. ಇದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಯೋಜನೆ ಸರ್ಕಾರದ್ದು, ಚರಂಡಿ ನಮ್ಮದು. ಹೋಟೆಲಿನ ಎಣ್ಣೆ, ಕೋಳಿ ಅಂಗಡಿಯ ಚೀಲ ರಾತ್ರಿ ಹಳ್ಳಕ್ಕೆ ಬೀಳುವುದು ನಿಲ್ಲಬೇಕು. ಹರಿಯುವ ಹೊಳೆಯ ದಡದಲ್ಲೇ ಇದ್ದರೂ ವುಝೂವಿಗೆ ನೀರು ಪೋಲು ಮಾಡಬೇಡಿ ಎಂದು ಉಸ್ತಾದರು ಮದ್ರಸದಲ್ಲಿ ಕಲಿಸಿದ್ದು ಯಾವ ಹೊಳೆಗಾದರೂ ಸಲ್ಲುತ್ತದೆ.

ಮಳೆ ಮುಗಿದ ಮೇಲೆ ಊರಿಗೆ ಹೋಗುವಾಗ ಮಕ್ಕಳಿಗೆ ಮಾಗೋಡು ತೋರಿಸಿ. ಎದುರಿನಿಂದ ನೋಡಿದರೆ ಸಾಕು, ನೀರಿಗೆ ಇಳಿಯುವುದು ಬೇಡ.