ಅರಳು ಮರಳು ಅಂತ ನಗಬೇಡಿ!



"ಅರವತ್ತಕ್ಕೆ ಅರಳು ಮರಳು" ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ. ವಯಸ್ಸಾದ ಮೇಲೆ ಸ್ವಲ್ಪ ಮರೆವು ಬರೋದು ಸಹಜ. ಆದರೆ ಮನೆಯ ದಾರಿ, ಮಕ್ಕಳ ಹೆಸರು ಮರೆಯುವುದು ಸಹಜವಲ್ಲ. ಅದಕ್ಕೆ ಹೆಚ್ಚಾಗಿ ಕಾರಣ ಆಲ್ಝೈಮರ್ ಎಂಬ ಮಿದುಳಿನ ಕಾಯಿಲೆ.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಇದನ್ನು ಮೊದಲು ವಿವರಿಸಿದರು. ತೀರಿಹೋದ ರೋಗಿಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶಗಳ ನಡುವೆ ಕಸದಂತಹ ಮುದ್ದೆಗಳು ಕಂಡವು. ಅವು ಅಮೈಲಾಯ್ಡ್ ಎಂಬ ಪ್ರೋಟೀನಿನವು.

ಈ ಕಸ ಗುಡಿಸುವವರು ಯಾರೂ ಇಲ್ಲವೇ? ಇದ್ದಾರೆ! ಅವೇ ಮೈಕ್ರೋಗ್ಲಿಯಾ ಕೋಶಗಳು. ಸ್ಪೇನಿನ ವಿಜ್ಞಾನಿ ಪಿಯೋ ಡೆಲ್ ರಿಯೋ ಒರ್ತೇಗಾ 1919ರಲ್ಲಿ ಇವಕ್ಕೆ ಹೆಸರಿಟ್ಟರು. ನಾವು ಹುಟ್ಟುವ ಮೊದಲೇ ಇವು ಮಿದುಳಿಗೆ ಬಂದು ಸೇರಿರುತ್ತವೆ. ಸಣ್ಣ ಕೈಗಳಂಥ ಎಳೆಗಳನ್ನು ಚಾಚಿ ಸುತ್ತಮುತ್ತ ತಡಕಾಡುತ್ತಾ ಇರುತ್ತವೆ. ರೋಗಾಣು, ಸತ್ತ ಕೋಶ, ಅಮೈಲಾಯ್ಡ್ ಏನು ಸಿಕ್ಕರೂ ನುಂಗುತ್ತವೆ. ಕಾವಲಿನವರೂ ಅವೇ, ಜಾಡಮಾಲಿಗಳೂ ಅವೇ.

ನಮಗೆ ಮುಪ್ಪು ಬಂದಂತೆ ಇವಕ್ಕೂ ಮುಪ್ಪು ಬರುತ್ತದೆ. ಎಳೆಗಳು ಮೊಟಕಾಗುತ್ತವೆ. ನುಂಗಿದ್ದು ಸರಿಯಾಗಿ ಅರಗುವುದಿಲ್ಲ. ಹೊರಗೆ ಕಸ ಬೆಳೆಯುತ್ತಾ ಹೋಗುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಅವು ಉರಿಯೂತ ತರುವ ರಾಸಾಯನಿಕಗಳನ್ನು ಬಿಡುತ್ತಲೇ ಇರುತ್ತವೆ. ಅದರಿಂದ ಒಳ್ಳೆಯ ನರಕೋಶಗಳಿಗೂ ಪೆಟ್ಟು ಬೀಳುತ್ತದೆ. ಮುದಿ ಕಾವಲುನಾಯಿ ಕಳ್ಳನನ್ನು ಬಿಟ್ಟು ಮನೆಯವರನ್ನೇ ಕಚ್ಚಿದ ಹಾಗೆ!

ಇದು ಬರೀ ಊಹೆಯಾ ಅಂತ ನೀವು ಕೇಳಬಹುದು. ಅಲ್ಲ. ಮೈಕ್ರೋಗ್ಲಿಯಾ ಕೆಲಸಕ್ಕೆ ಬೇಕಾದ ಟ್ರೆಮ್-2 ಎಂಬ ಜೀನ್ ಇದೆ. ಅದರಲ್ಲಿ ಒಂದು ಬಗೆಯ ದೋಷವಿದ್ದವರಿಗೆ ಈ ಕಾಯಿಲೆ ಬರುವ ಸಂಭವ ಎರಡು ಮೂರು ಪಟ್ಟು ಹೆಚ್ಚು ಎಂದು 2013ರಲ್ಲಿ ತಿಳಿಯಿತು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಎಂಬ ಔಷಧಿ ಅಮೈಲಾಯ್ಡ್‌ಗೆ ಅಂಟಿಕೊಂಡು, ಅದನ್ನು ತೆಗೆದುಹಾಕಲು ನೆರವಾಗುತ್ತದೆ. ಆದರೆ ಅದು ಕಾಯಿಲೆಯನ್ನು ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೇ, ವಾಸಿ ಮಾಡುವುದಿಲ್ಲ.

ನಮ್ಮ ಓಣಿಯ ಒಬ್ಬ ಅಜ್ಜ ಹೊಲದಿಂದ ಬರುವ ದಾರಿ ಮರೀತಾರೆ. ಹುಡುಗರು ಹಿಂದೆ ಹೋಗಿ ನಗ್ತಾರೆ. ಬೇಜಾರಾಗಿ ಇದನ್ನು ಬರೆದೆ. ಅವರದು ಯಾವ ಕಾಯಿಲೆ ಅಂತ ಡಾಕ್ಟರೇ ಹೇಳಬೇಕು. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಉಂಟು. ಆದ್ದರಿಂದ ಇಂಥವರನ್ನು ಕಂಡರೆ ಕೈಹಿಡಿದು ಮನೆ ಮುಟ್ಟಿಸಿ. ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಹತ್ತು ಸಲವೂ ಉತ್ತರ ಕೊಡಿ.