ಟೇಪು ನಿಂತರೆ ಮೊದಲು ತಂತಿ ನೋಡಿ

ಟೇಪ್ ಬ್ಯಾಕಪ್ ನಿಂತಿತೆಂದರೆ ನಮ್ಮ ಬೀದರ ಕಡೆ ಮೊದಲು ಹೊರಡುವ ಮಾತು, ‘ಡ್ರೈವ್ ಹೋಗ್ಯಾದ, ಹೊಸಾದು ತರಸ್ರಿ.’ ಬೀದರ, ಭಾಲ್ಕಿ, ಔರಾದಗಳ ಕಚೇರಿಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತ ಬಂದವನು ನಾನು. ನನ್ನ ಕೈಗೆ ಬಂದ ಕೇಸುಗಳಲ್ಲಿ ಡ್ರೈವ್ ನಿಜಕ್ಕೂ ಸತ್ತದ್ದು ಅಪರೂಪ. ಬಹಳ ಸಲ ರೋಗ ಇದ್ದದ್ದು ಡ್ರೈವಿಗೂ ಸರ್ವರಿಗೂ ನಡುವಿನ ತಂತಿಯಲ್ಲಿ.

ಹಳೆಯ ಸರ್ವರುಗಳಲ್ಲಿ ಆ ತಂತಿಯ ಹೆಸರು ಸ್ಕಜಿ ಬಸ್. ಅಮೆರಿಕದಲ್ಲಿ 1986ರಲ್ಲಿ ಮಾನಕವಾಗಿ ಒಪ್ಪಿತವಾದ ಈ ವ್ಯವಸ್ಥೆಯಲ್ಲಿ ಹಾರ್ಡ್ ಡಿಸ್ಕ್, ಟೇಪ್ ಡ್ರೈವ್, ಸ್ಕ್ಯಾನರ್ ಎಲ್ಲವೂ ಒಂದೇ ಸಾಲಿನಲ್ಲಿ ಕೂರುತ್ತವೆ. ಒಂದೊಂದಕ್ಕೂ ಒಂದು ನಂಬರ್: 50 ಪಿನ್ನಿನ ಸಾಲಿನಲ್ಲಿ 0ಯಿಂದ 7ರವರೆಗೆ, 68 ಪಿನ್ನಿನದರಲ್ಲಿ 0ಯಿಂದ 15ರವರೆಗೆ. 7 ವಾಡಿಕೆಯಂತೆ ಸರ್ವರಿನ ಕಾರ್ಡಿಗೆ ಮೀಸಲು. ಸಾಲಿನ ಎರಡೂ ತುದಿಗೆ ಟರ್ಮಿನೇಟರ್ ಇರಲೇಬೇಕು. ಇಲ್ಲವಾದರೆ ಸಂಕೇತ ತುದಿ ಮುಟ್ಟಿ, ಬಾವಿಯೊಳಗೆ ಕೂಗಿದ ದನಿಯಂತೆ ಹೊರಳಿ ಬಂದು, ಹಿಂದಿನಿಂದ ಬರುವ ಸಂಕೇತವನ್ನು ಕೆಡಿಸುತ್ತದೆ. ನಡುವೆ ಮೂರನೆಯ ಟರ್ಮಿನೇಟರ್ ಉಳಿದರೂ ಕೆಡುಕೇ.

ಭಾಲ್ಕಿಯ ಒಂದು ಸಹಕಾರಿ ಸಂಸ್ಥೆಯ ಕೇಸು ಹೇಳುತ್ತೇನೆ. ರಾತ್ರಿಯ ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತಿತ್ತು. ಹೊಸ ಟೇಪು ತರಿಸಿ ನೋಡಿದ್ದರು, ಹೊಸ ಡ್ರೈವಿಗೆ ಕೊಟೇಶನ್ನೂ ಬಂದಿತ್ತು. ‘ಸಣ್ಣ ಫೈಲ್ ಹೋಗ್ತಾವ್ರಿ ಸರ್, ಇಡೀ ಲೆಡ್ಜರ್ ಹಾಕಿದ್ರ ನಿಂತು ಬಿಡ್ತದ’ ಎಂದರು ಅಲ್ಲಿನ ಅಕೌಂಟೆಂಟ್. ಆ ಒಂದು ಮಾತಿನಿಂದಲೇ ನನಗೆ ತಂತಿಯ ಮೇಲೆ ಅನುಮಾನ ಬಂತು. ಟೇಬಲ್ ಹಿಂದೆ ಬಗ್ಗಿ ನೋಡಿದರೆ ಟೇಪ್ ಡ್ರೈವಿನ ಮುಂದಕ್ಕೆ ಯಾರೋ ಒಂದು ಹಳೆಯ ಸ್ಕ್ಯಾನರ್ ಜೋಡಿಸಿದ್ದರು. ಆ ಸರ್ವರಿನದು ಎಲ್‌ವಿಡಿ ಎಂಬ ಹೊಸ ಬಗೆಯ ಬಸ್. ಅದರಲ್ಲಿ ಕೇಬಲ್ 12 ಮೀಟರ್‌ವರೆಗೆ ಎಳೆಯಬಹುದು. ಆದರೆ ಹಳೆಯ ಬಗೆಯ ಒಂದೇ ಒಂದು ಸಾಧನ ಸೇರಿದರೂ ಇಡೀ ಸಾಲು ಹಳೆಯ ನಿಯಮಕ್ಕೆ ಇಳಿಯುತ್ತದೆ. ವೇಗ ಕುಗ್ಗುತ್ತದೆ, ಕೇಬಲಿನ ಮಿತಿ 3 ಮೀಟರಿಗೆ, ಸಾಧನಗಳು ಹೆಚ್ಚಿದ್ದರೆ 1.5 ಮೀಟರಿಗೆ ಬರುತ್ತದೆ. ಅಲ್ಲಿದ್ದ ಕೇಬಲ್ ಅದಕ್ಕಿಂತ ಉದ್ದ. ಸ್ಕ್ಯಾನರನ್ನು ಬೇರೆ ಕಾರ್ಡಿಗೆ ಹಾಕಿ, ಡ್ರೈವಿನ ತುದಿಗೆ ಸರಿಯಾದ ಟರ್ಮಿನೇಟರ್ ಕೂರಿಸಿದೆ. ಅವತ್ತು ರಾತ್ರಿ ಬ್ಯಾಕಪ್ ಪೂರ್ತಿಯಾಯಿತು. ಡ್ರೈವ್ ಹಳೆಯದೇ, ಟೇಪೂ ಹಳೆಯದೇ.

ಯಂತ್ರ ತಾನೇ ಸುಳಿವು ಕೊಡುತ್ತದೆ, ಓದುವ ತಾಳ್ಮೆ ಬೇಕು. ಸರ್ವರ್ ಏಳುವಾಗ ಕಾರ್ಡು ತನ್ನ ಸಾಲಿನಲ್ಲಿರುವವರ ಪಟ್ಟಿ ತೋರಿಸುತ್ತದೆ. ಟೇಪಿನ ಹೆಸರೇ ಇಲ್ಲದಿದ್ದರೆ ಕರೆಂಟು, ಕೇಬಲ್, ನಂಬರಿನ ಜಂಪರ್ ನೋಡಬೇಕು. ಒಂದೇ ಡ್ರೈವ್ ಎಲ್ಲ ನಂಬರಿನಲ್ಲೂ ಕಂಡರೆ ಅದು ಕಾರ್ಡಿನ ನಂಬರನ್ನೇ ಇಟ್ಟುಕೊಂಡು ಕೂತಿದೆ ಎಂದರ್ಥ. ಲಾಗಿನಲ್ಲಿ ‘ಪ್ಯಾರಿಟಿ ಎರರ್’, ‘ಬಸ್ ರೀಸೆಟ್’ ಎಂದು ಮತ್ತೆ ಮತ್ತೆ ಬಂದರೆ ಮೊದಲು ತಂತಿ ಹಿಡಿಯಿರಿ. ‘ಮೀಡಿಯಂ ಎರರ್’ ಎಂದರೆ ಟೇಪು ಸವೆದಿದೆ, ಇಲ್ಲವೇ ಟೇಪು ಓದುವ ಹೆಡ್ ಕೊಳೆಯಾಗಿದೆ. ‘ಯೂನಿಟ್ ಅಟೆನ್ಶನ್’ ಬಂದರೆ ಗಾಬರಿ ಬೇಡ. ಟೇಪು ಬದಲಾಯಿತು ಅಥವಾ ಡ್ರೈವ್ ರೀಸೆಟ್ ಆಯಿತು ಎಂಬ ಸುದ್ದಿ ಅಷ್ಟೇ. ಕೇಬಲ್ ಬಿಚ್ಚುವ ಮೊದಲು ಎಲ್ಲದರ ಕರೆಂಟು ತೆಗೆಯಿರಿ, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಯಾರಿಗೂ ತಿಳಿಯದು.

ಔರಾದ ಕಡೆಯ ಧೂಳು ಹೆಡ್ಡಿಗೆ ಶತ್ರು. ಡಿಡಿಎಸ್ ಎಂಬ ಬಗೆಯ ಟೇಪ್ ಡ್ರೈವುಗಳಲ್ಲಿ ಸುಮಾರು 4 ಮಿಲಿಮೀಟರ್ ಅಗಲದ ಟೇಪು, ಹೆಡ್ ಕೂರಿಸಿದ ತಿರುಗುವ ಡ್ರಮ್ಮಿಗೆ ಒರಗಿ ಓಡುತ್ತದೆ. ಆ ಡ್ರಮ್ಮನ್ನು ಹತ್ತಿ ಕಡ್ಡಿಯಿಂದ ಉಜ್ಜಲೇಬೇಡಿ, ಕ್ಲೀನಿಂಗ್ ಕಾರ್ಟ್ರಿಜ್ ಹಾಕಿ. ಅದಕ್ಕೂ ಆಯಸ್ಸಿದೆ, ಎಷ್ಟು ಸಲ ಬಳಸಿದಿರೆಂದು ಅದರ ಮೇಲೇ ಗೀಟು ಹಾಕುತ್ತ ಹೋಗಿ. ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಬ್ಬಿಯಲ್ಲಿ ತಂದ ಟೇಪನ್ನು ಎಸಿ ರೂಮಿಗೆ ಒಯ್ದ ಕೂಡಲೇ ಒಳಗೆ ತಳ್ಳಬೇಡಿ. ರೂಮಿನ ಬಿಸಿ-ತಂಪಿಗೆ ಅದು ಹೊಂದಿಕೊಳ್ಳಲಿ.

ಇಷ್ಟು ಪಾಡು ಯಾಕೆ ಎನ್ನುವವರಿಗೆ ನಾನು ಪಹಣಿ ನೆನಪಿಸುತ್ತೇನೆ. ‘ಭೂಮಿ’ ಯೋಜನೆ ಬಂದಮೇಲೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ರೈತನ ಹೊಲದ ಲೆಕ್ಕ ಡಿಸ್ಕಿನಲ್ಲಿದೆ ಎಂದಮೇಲೆ ಅದರ ನಕಲು ಕಾಯುವುದು ಸಣ್ಣ ಕೆಲಸವಲ್ಲ. 2011ರ ಫೆಬ್ರವರಿಯಲ್ಲಿ ಜಿಮೇಲಿನ ಒಂದಿಷ್ಟು ಬಳಕೆದಾರರ ಪತ್ರಗಳು ಮಾಯವಾದಾಗ ಗೂಗಲ್ ಅವನ್ನು ಮರಳಿ ತಂದದ್ದು ಟೇಪಿನಿಂದಲೇ. ಇಂದಿನ ಎಲ್‌ಟಿಒ-9 ಟೇಪು ಒಂದರಲ್ಲೇ 18 ಟೆರಾಬೈಟ್ ಹಿಡಿಯುತ್ತದೆ, ಹಳೆಯ ಸ್ಕಜಿಯ ಜಾಗಕ್ಕೆ ಎಸ್‌ಎಎಸ್ ಬಂದಿದೆ. ಅದರಲ್ಲಿ ಜಂಪರ್, ಟರ್ಮಿನೇಟರಿನ ತಂಟೆಯಿಲ್ಲ. ಕೇಬಲ್ ಸಡಿಲಾದರೆ ಮಾತ್ರ ಅದೂ ನಿಲ್ಲುತ್ತದೆ.

ರಿಪೇರಿ ಮುಗಿದ ದಿನ ‘ಬ್ಯಾಕಪ್ ಸಕ್ಸಸ್’ ಎಂಬ ಅಕ್ಷರ ನೋಡಿ ನಾನು ಮನೆಗೆ ಹೊರಡುವುದಿಲ್ಲ. ಟೇಪಿನಿಂದ ಒಂದು ತಿಂಗಳ ಲೆಡ್ಜರನ್ನು ಬೇರೆ ಫೋಲ್ಡರಿಗೆ ಇಳಿಸಿ, ಮೂಲದ ಜೊತೆ ತಾಳೆ ನೋಡುತ್ತೇನೆ. ಟೇಪಿನ ಲೇಬಲ್ ಮೇಲೆ ತಾರೀಖಿನ ಜೊತೆ ಯಾವ ಸಾಫ್ಟ್‌ವೇರ್, ಎಷ್ಟು ಬ್ಲಾಕ್ ಸೈಜ್ (ಟೇಪಿಗೆ ಬರೆಯುವ ಒಂದೊಂದು ತುಣುಕಿನ ಅಳತೆ) ಎಂದೂ ಬರೆಸುತ್ತೇನೆ. ಬ್ಲಾಕ್ ಸೈಜ್ ಹೊಂದದಿದ್ದರೆ ಗಟ್ಟಿಮುಟ್ಟಾದ ಟೇಪೂ ಎರರ್ ಕೊಡುತ್ತದೆ, ಆಗ ಮತ್ತೆ ಯಾರಾದರೂ ಹೊಸ ಡ್ರೈವಿಗೆ ಕೊಟೇಶನ್ ತರಿಸುತ್ತಾರೆ.